ನಮ್ಮ ಮಕ್ಕಳ ಕೈಗೆ ಯಾವ ಕಾದಂಬರಿ?

ವಾಚನಾಲಯಕ್ಕೆ ಬರುವ ಸದಸ್ಯರಲ್ಲಿ ಅನೇಕರು ಈಚೆಗೆ ಕೇಳುತ್ತಿರುವ ಪ್ರಶ್ನೆ ಒಂದೇ. ಮನೆಯಲ್ಲಿ ಹದಿಮೂರು, ಹದಿನಾಲ್ಕು ವಯಸ್ಸಿನ ಮಗನೋ ಮಗಳೋ ಇದ್ದಾರೆ. ಕನ್ನಡದಲ್ಲಿ ಓದಲು ಅವರಿಗೆ ಏನು ಕೊಡಬೇಕು? ಕಪಾಟಿನ ಮುಂದೆ ನಿಂತು ಒಬ್ಬೊಬ್ಬರಿಗೆ ಒಂದೊಂದು ಹೆಸರು ಹೇಳಿ ಕಳುಹಿಸುವುದಕ್ಕಿಂತ, ಕಾದಂಬರಿಗಳ ಮಟ್ಟಿಗಾದರೂ ನಮಗೆ ತಿಳಿದದ್ದನ್ನು ಒಂದೆಡೆ ಬರೆದಿಡುವುದು ಮೇಲೆಂದು ಈ ಪಾಠವನ್ನು ಬರೆಯುತ್ತಿದ್ದೇವೆ. ನಾವು ಪಂಡಿತರಲ್ಲ. ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸ ನಮ್ಮದು. ಯಾವುದು ಹೋದ ವಾರದಲ್ಲೇ ಹತ್ತನೆಯ ಪುಟಕ್ಕೆ ಗುರುತಿನ ಚೀಟಿ ಇಟ್ಟಂತೆಯೇ ಹಿಂದಕ್ಕೆ ಬಂತು, ಯಾವುದು ರಟ್ಟು ಕಿತ್ತು ಬಂತು ಎಂಬುದನ್ನು ನೋಡಿ ನೋಡಿ ಕಲಿತದ್ದಷ್ಟೇ ನಮ್ಮ ಬಂಡವಾಳ.

ಅಣ್ಣಾ ನಗರ, ಅಮಿಂಜಿಕರೆ, ವಿಲ್ಲಿವಾಕ್ಕಂ, ಐನಾವರಂ ಕಡೆಯ ಕನ್ನಡ ಮನೆಗಳ ಸ್ಥಿತಿ ವಾಚಕರಿಗೆ ಗೊತ್ತೇ ಇದೆ. ಮಕ್ಕಳು ಕನ್ನಡ ಆಡುತ್ತಾರೆ, ಓದಲಾರರು. ಶಾಲೆಯಲ್ಲಿ ಇಂಗ್ಲಿಷು, 2006ರ ಕಾಯ್ದೆಯ ನಂತರ ತಮಿಳು ಕಲಿಯುವುದು ಕಡ್ಡಾಯ, ಕೆಲವರಿಗೆ ಇವೆರಡರ ಮೇಲೆ ಹಿಂದಿ. ಇರುವ ಊರಿನ ಭಾಷೆಯನ್ನು ಚೆನ್ನಾಗಿ ಕಲಿಯಬೇಕಾದದ್ದು ನ್ಯಾಯವೇ. ಆ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಕನ್ನಡದ ಅಕ್ಷರ ಕಲಿಸುವ ಹೊಣೆ ತಾಯಿಯ ಮೇಲೆ ಬಿದ್ದಿದೆ, ಅದೂ ಬೇಸಿಗೆ ರಜೆಯ ನಾಲ್ಕು ವಾರ. ಅಜ್ಜಿಗೆ ಫೋನಿನಲ್ಲಿ ಕಳುಹಿಸುವ ಎರಡು ಮಾತನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ; ಅಜ್ಜಿಗೆ ಆ ಅಕ್ಷರ ಬಾರದು. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಮೇಲೆ ಬೇರೆ ಓದೇ ನಿಂತುಹೋಗುತ್ತದೆ. ಹೀಗಾಗಿ ಹನ್ನೆರಡರಿಂದ ಹದಿನೈದರ ನಡುವಣ ಮೂರು ನಾಲ್ಕು ವರ್ಷದಲ್ಲಿ ಓದಿನ ರುಚಿ ಹತ್ತದಿದ್ದರೆ ಆ ಮನೆಯಲ್ಲಿ ಕನ್ನಡದ ಓದು ತಂದೆತಾಯಿಗಳ ಕಾಲಕ್ಕೇ ಮುಗಿಯಿತೆಂದು ತಿಳಿಯಬೇಕು. ಅಂಥ ಮನೆಗಳನ್ನು ನಾವು ಕಂಡಿದ್ದೇವೆ. ತಂದೆಯವರು ತೀರಿಕೊಂಡಮೇಲೆ ಅವರು ಕೂಡಿಟ್ಟ ಪುಸ್ತಕಗಳನ್ನು ಮಗ ಆಟೋದಲ್ಲಿ ತಂದು ನಮ್ಮ ಬಾಗಿಲಲ್ಲಿ ಇಳಿಸಿಹೋಗುತ್ತಾನೆ. ಅವನದು ತಪ್ಪೆಂದು ನಾವು ಹೇಳೆವು; ಅವನಿಗೆ ಅವು ಬರಿಯ ಕಾಗದ.

ಇಷ್ಟು ಹೇಳಿದ ಮೇಲೆ, ನಮ್ಮ ಮುಖ್ಯ ಮಾತು ಇದಕ್ಕೆ ವಿರುದ್ಧವಾಗಿ ಕಂಡೀತು. ಭಾಷೆ ಉಳಿಯಲೆಂದು ಮಕ್ಕಳ ಕೈಗೆ ಕಾದಂಬರಿ ಕೊಡಬೇಡಿ. ನೀತಿ ಬರಲೆಂದೂ ಕೊಡಬೇಡಿ. ಕಥೆ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಕೊಡಿ. ಔಷಧಿಯೆಂದು ಗೊತ್ತಾದೊಡನೆ ಬಾಯಿ ಮುಚ್ಚುವ ವಯಸ್ಸು ಅದು. ಕುಂದಾಪುರದ ಕಡೆಯ ಸದಸ್ಯರೊಬ್ಬರು ಮಗಳನ್ನು ಕರೆತಂದು, "ಸ್ವಲ್ಪ ನೀತಿ ಇಪ್ಪ ಪುಸ್ತಕ ಕೊಡಿ ಮಾರಾಯ್ರೆ, ಸುಮ್ನೆ ಕಥೆ ಬೇಡ" ಎಂದರು. ಅವರು ಪೇಪರ್ ನೋಡಲು ಆಚೆ ಹೋದದ್ದೇ ತಡ, ಹುಡುಗಿ ಮೆಲ್ಲಗೆ, "ಮಾಮಾ, ಪೊಲೀಸ್ ಕಥೆ ಇದೆಯಾ?" ಎಂದು ಕೇಳಿದಳು. ಇಬ್ಬರಿಗೂ ಬೇಕಾದ್ದು ಒಂದೇ ಪುಸ್ತಕದಲ್ಲಿ ಸಿಕ್ಕುವುದು ಅಪರೂಪವೇನಲ್ಲ. ಆದರೆ ಹುಡುಗಿಯ ಪ್ರಶ್ನೆಯಿಂದ ಆರಂಭಿಸಬೇಕು. ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ'ನ ಬೆನ್ನು ಹತ್ತಿ ಓದು ಕಲಿತವರು ನಮ್ಮ ಹಿರಿಯ ಸದಸ್ಯರಲ್ಲಿಯೇ ಹಲವರಿದ್ದಾರೆ. ಅವರು ಈಗ ಮೊಮ್ಮಕ್ಕಳಿಗೆ ಮಹಾಕಾವ್ಯವನ್ನೇ ಕೊಡಬೇಕೆಂದು ಹಟ ಹಿಡಿಯುವುದು ಸರಿಯಲ್ಲ.

ಇನ್ನೊಂದು ತೊಡಕು ಅಕ್ಷರದ್ದು. ತಮಿಳು ಬರವಣಿಗೆಯಲ್ಲಿ ಕ, ಖ, ಗ, ಘ ಈ ನಾಲ್ಕಕ್ಕೂ ಒಂದೇ ಅಕ್ಷರ. ಒತ್ತಕ್ಷರವೂ ಇಲ್ಲ, ಅಕ್ಷರದ ತಲೆಯ ಮೇಲೆ ಚುಕ್ಕೆ ಇಟ್ಟು ಮುಂದೆ ಹೋಗುತ್ತಾರೆ. ಆ ಶಾಲೆಯಲ್ಲಿ ಓದುವ ಮಗು ಕನ್ನಡದ ಪುಟಕ್ಕೆ ಬಂದಾಗ ಮುಗ್ಗರಿಸುವುದು ಎರಡು ಕಡೆ: ಮಹಾಪ್ರಾಣದಲ್ಲಿ ಮತ್ತು ಒತ್ತಿನಲ್ಲಿ. ಸಂಸ್ಕೃತ ಪದಗಳು ತುಂಬಿದ ಗದ್ಯದಲ್ಲಿ ಇವೆರಡೂ ಸಾಲಿಗೆ ಐದಾರು ಬರುತ್ತವೆ. ಆದ್ದರಿಂದ ಮೊದಲ ಕಾದಂಬರಿಯನ್ನು ಆರಿಸುವಾಗ ಲೇಖಕರ ಕೀರ್ತಿಗಿಂತ ಮೊದಲ ಪುಟವನ್ನು ನೋಡಬೇಕು. ಸಾಲುಗಳು ಗಿಡ್ಡವಾಗಿ, ಆಡುಮಾತಿನಂತೆ ಇದ್ದರೆ ಅದು ಮೊದಲು. ಐತಿಹಾಸಿಕ ಕಾದಂಬರಿ ಆಮೇಲೆ.

ಈ ಲೆಕ್ಕದಲ್ಲಿ ನಾವು ಎಲ್ಲಕ್ಕಿಂತ ಮೊದಲು ಕೈಗೆ ಕೊಡುವುದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ'. 1980ರಲ್ಲಿ ಪ್ರಕಟವಾದ ಪುಸ್ತಕ, ಗಾತ್ರವೂ ಚಿಕ್ಕದು. ಮೂಡಿಗೆರೆಯ ಕಡೆಯ ಒಬ್ಬ ಕೃಷಿಕ ಜೇನುತುಪ್ಪ ತರಲು ಹೋಗುವುದರಿಂದ ಆರಂಭವಾಗುವ ಕಥೆ, ನೋಡನೋಡುತ್ತಿದ್ದಂತೆ ಹಾರುವ ಓತಿಯೊಂದನ್ನು ಹುಡುಕಿಕೊಂಡು ಪಶ್ಚಿಮ ಘಟ್ಟದ ದಟ್ಟ ಕಾಡಿಗೆ ಹೋಗುತ್ತದೆ. ಅಲ್ಲಿ ಮಂದಣ್ಣನೆಂಬ ಹಳ್ಳಿಯ ಹುಡುಗನಿದ್ದಾನೆ. ಊರಿನವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ಕರ್ವಾಲೋ ದೊಡ್ಡ ವಿಜ್ಞಾನಿ. ಅವರಿಗೆ ಆ ಮಂದಣ್ಣನ ಕಣ್ಣು, ಅವನ ಕಾಡಿನ ತಿಳಿವಳಿಕೆ ಬೇಕು. ಪರೀಕ್ಷೆಯ ಅಂಕಗಳಿಂದಲೇ ತೂಗಿಸಿಕೊಳ್ಳುವ ನಮ್ಮ ಮಕ್ಕಳಿಗೆ ಈ ಮಂದಣ್ಣನನ್ನು ಪರಿಚಯ ಮಾಡಿಸುವುದು ಒಂದು ಉಪಕಾರವೆಂದೇ ನಮ್ಮ ಭಾವನೆ. ಓತಿ ಕೊನೆಗೆ ಸಿಕ್ಕಿತೇ ಇಲ್ಲವೇ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಓದಿದವರೂ ಮಕ್ಕಳ ಮುಂದೆ ಹೇಳಬಾರದು. ಪುಸ್ತಕದಲ್ಲಿ ನಗು ಬೇಕಾದಷ್ಟಿದೆ. ಒಂಟಿಯಾಗಿ ಓದುತ್ತ ಕೂತ ಹುಡುಗ ಇದ್ದಕ್ಕಿದ್ದಂತೆ ನಕ್ಕರೆ ವಾಚನಾಲಯದ ಉಳಿದವರು ತಲೆಯೆತ್ತಿ ನೋಡುತ್ತಾರೆ. ಆಮೇಲೆ ಅವನ ಪಕ್ಕದವನಿಗೂ ಅದೇ ಪುಸ್ತಕ ಬೇಕಾಗುತ್ತದೆ. ಇದನ್ನು ಮುಗಿಸಿದವರಿಗೆ ಅದೇ ಲೇಖಕರ 'ಜುಗಾರಿ ಕ್ರಾಸ್' ಕೊಡಬಹುದು. 1994ರಲ್ಲಿ ಬಂದದ್ದು, ಕಾಡು, ರೈಲು, ಏಲಕ್ಕಿ, ಕಳ್ಳಸಾಗಣೆ ಎಲ್ಲ ಸೇರಿ ಉಸಿರು ಬಿಡಲು ಎಡೆಗೊಡದ ಕಥೆ. ಪೊಲೀಸ್ ಕಥೆ ಕೇಳಿದ ಆ ಹುಡುಗಿಗೆ ನಾವು ಕೊಟ್ಟದ್ದು ಇದನ್ನೇ.

ಅಕ್ಷರ ನಿಧಾನವಾಗಿ ಬರುವ ಮಕ್ಕಳಿಗೆ ಮನೆಯ ಹಿರಿಯರು ಮೊದಲ ಇಪ್ಪತ್ತು ಪುಟ ಗಟ್ಟಿಯಾಗಿ ಓದಿ ಹೇಳಬೇಕು. ಇದಕ್ಕೆ ಶಿವರಾಮ ಕಾರಂತರ 'ಬೆಟ್ಟದ ಜೀವ' (1943) ಬಹಳ ಹೊಂದುತ್ತದೆ. ದಾರಿ ತಪ್ಪಿದ ಪ್ರಯಾಣಿಕ, ಸುತ್ತ ಕಾಡು, ಕವಿಯುತ್ತಿರುವ ಕತ್ತಲೆ. ಇಬ್ಬರು ಹಳ್ಳಿಗರು ಅವನನ್ನು ಗೋಪಾಲಯ್ಯನವರ ಮನೆಗೆ ಕರೆದೊಯ್ಯುತ್ತಾರೆ. ಓದುವವರು ಅಲ್ಲಿಗೆ ನಿಲ್ಲಿಸಿ, "ಇವತ್ತಿಗೆ ಸಾಕು, ನನಗೆ ನಿದ್ದೆ ಬಂತು" ಎಂದು ಪುಸ್ತಕವನ್ನು ಮಂಚದ ಮೇಲೆಯೇ ಬಿಟ್ಟು ಮಲಗಬೇಕು. ಮಾರನೆಯ ಬೆಳಗ್ಗೆ ಗುರುತಿನ ಚೀಟಿ ಎಷ್ಟು ಮುಂದೆ ಹೋಗಿದೆ ನೋಡಿ. ಹಗಲೆಲ್ಲ ಹೋಟೆಲಿನಲ್ಲಿಯೋ ಆಫೀಸಿನಲ್ಲಿಯೋ ದುಡಿದು ಬಂದವರಿಗೆ ನಿದ್ದೆ ಬರುವುದು ಸುಳ್ಳೂ ಅಲ್ಲ.

ಈ ಕಾದಂಬರಿಯ ಬಗ್ಗೆ ಇನ್ನೂ ಒಂದು ಮಾತು ಹೇಳಬೇಕು. ಗೋಪಾಲಯ್ಯ ಮತ್ತು ಶಂಕರಮ್ಮ ಇಬ್ಬರೂ ವೃದ್ಧರು. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಗೋಪಾಲಯ್ಯ ಕಾಡು ಕಡಿದು ತೋಟ ಮಾಡಿದ ಗಟ್ಟಿಗ. ನಗುತ್ತಾರೆ, ನಗಿಸುತ್ತಾರೆ, ಬಂದವರನ್ನು ಹೋಗಗೊಡದೆ ಉಪಚರಿಸುತ್ತಾರೆ. ಆದರೆ ಇಬ್ಬರ ಕಿವಿಯೂ ಬಾಗಿಲ ಕಡೆಗೇ ಇರುತ್ತದೆ. ಊರಿನಲ್ಲಿ ಅಪ್ಪ ಅಮ್ಮಂದಿರನ್ನು ಬಿಟ್ಟು ಈ ಪಟ್ಟಣಕ್ಕೆ ಬಂದ ನಾವೆಲ್ಲ ಒಂದು ರೀತಿಯಲ್ಲಿ ಶಂಭುಗಳೇ. ಹುಡುಗರು ಹುಲಿ ಬೇಟೆಯ ಭಾಗವನ್ನು ಮೆಚ್ಚುತ್ತಾರೆ, ಓದಿ ಹೇಳುವ ತಂದೆಯ ದನಿ ಬೇರೆ ಕಡೆ ತಡೆಯುತ್ತದೆ. ಮಕ್ಕಳಿಗೆ ಅದು ತಿಳಿಯದೆ ಹೋಗುವುದಿಲ್ಲ. ಒಂದೇ ಪುಸ್ತಕ ಇಬ್ಬರಿಗೆ ಎರಡು ಕಥೆಯಾಗುವುದು ಇಂಥ ಕಡೆ.

ಪ್ರಸಂಗವಶಾತ್ ಹೇಳುವುದಾದರೆ, ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿನ ಆಡಳಿತಕ್ಕೇ ಸೇರಿತ್ತು. ಕಾರಂತರ ಬೆಟ್ಟಕ್ಕೂ ನಾವು ಕೂತಿರುವ ಈ ಪಟ್ಟಣಕ್ಕೂ ಅಂದು ಒಂದೇ ಸರಕಾರ.

ಕಾರಂತರದೇ 'ಚೋಮನ ದುಡಿ' (1933) ಇನ್ನೂ ಚಿಕ್ಕದು. ಆದರೆ ಇದನ್ನು ಕೊಡಲು ಹಲವು ತಂದೆತಾಯಿಗಳು ಹಿಂಜರಿಯುತ್ತಾರೆ: "ಅಷ್ಟು ದುಃಖದ ಕಥೆ ಮಕ್ಕಳಿಗೇಕೆ?" ನಮ್ಮ ಅಭಿಪ್ರಾಯ ಬೇರೆ. ಸ್ವಂತಕ್ಕೊಂದು ತುಂಡು ಗದ್ದೆ ಉಳಬೇಕೆಂಬ ಒಂದೇ ಆಸೆಯ ಚೋಮ, ಅವನು ಸಾಕಿದ ಎತ್ತುಗಳು, ಕಾಫಿ ತೋಟದ ಸಾಲ, ಆ ಸಾಲ ತೀರಿಸಲು ಘಟ್ಟ ಹತ್ತಿದ ಮಕ್ಕಳು, ಮಗಳು ಬೆಳ್ಳಿ. ನೀರಿನಲ್ಲಿ ಮುಳುಗುತ್ತಿರುವ ಹುಡುಗನನ್ನು ಮುಟ್ಟಿ ಎತ್ತಲು ದಡದಲ್ಲಿದ್ದವರು ಹಿಂಜರಿಯುವ ಭಾಗವನ್ನು ಓದಿದ ಮಗು, "ಏಕೆ ಎತ್ತಲಿಲ್ಲ?" ಎಂದು ಕೇಳಿಯೇ ಕೇಳುತ್ತದೆ. ಕೇಳಲಿ. ಹದಿನಾಲ್ಕು ವರ್ಷದವರು ಬೀದಿಯಲ್ಲಿ, ಶಾಲೆಯಲ್ಲಿ ಕಾಣದ ಅನ್ಯಾಯವೇನೂ ಆ ಪುಸ್ತಕದಲ್ಲಿ ಇಲ್ಲ. ಕಂಡದ್ದಕ್ಕೆ ಹೆಸರಿಡುವುದನ್ನು ಅದು ಕಲಿಸುತ್ತದೆ. ಉತ್ತರ ಹೇಳಬೇಕಾದವರು ಮನೆಯ ಹಿರಿಯರು. ಆದ್ದರಿಂದ ಈ ಪುಸ್ತಕವನ್ನು ಮಗುವಿಗೆ ಕೊಡುವ ಮುನ್ನ ತಾವು ಓದಿರಬೇಕು. ತಾವೇ ಓದದ ಪುಸ್ತಕವನ್ನು ಮಕ್ಕಳಿಗೆ ಶಿಫಾರಸು ಮಾಡುವವರನ್ನು ಕಂಡರೆ ನಮಗೆ ಸ್ವಲ್ಪ ಸಿಟ್ಟು ಬರುತ್ತದೆ.

ಇದರ ಜತೆಯಲ್ಲಿಯೇ ದೇವನೂರ ಮಹಾದೇವರ 'ಒಡಲಾಳ'ವನ್ನು ಇಡಬೇಕು. ಸಾಕವ್ವನ ಕೋಳಿ ಹುಂಜ ಕಾಣೆಯಾಗಿದೆ, ಮನೆಗೆ ಒಂದು ಮೂಟೆ ಕಳ್ಳೆಕಾಯಿ ಬಂದಿದೆ, ಇಡೀ ಮನೆ ರಾತ್ರಿ ಕೂತು ತಿನ್ನುತ್ತದೆ, ಬೆಳಗಾದರೆ ಪೊಲೀಸರು. ಹಸಿವನ್ನು ಇಷ್ಟು ನಗಿಸುತ್ತ ಹೇಳಿದ ಬರಹ ನಾವು ಬೇರೆ ಓದಿಲ್ಲ. ಭಾಷೆ ಮೈಸೂರು ಸೀಮೆಯ ಹಳ್ಳಿಯದು. ಕಣ್ಣಿನಲ್ಲಿ ಓದಿದರೆ ಮಕ್ಕಳಿಗೆ ಕಷ್ಟ, ಕಿವಿಗೆ ಬಿದ್ದರೆ ಸುಲಭ. ನಂಜನಗೂಡು, ಚಾಮರಾಜನಗರ ಕಡೆಯ ಸದಸ್ಯರು ಯಾರಾದರೂ ಒಂದು ಭಾನುವಾರ ಬಂದು ಇದನ್ನು ಓದಿ ಹೇಳಿದರೆ ಮಕ್ಕಳನ್ನು ಸೇರಿಸುವ ಕೆಲಸ ನಮ್ಮದು.

ಕಾಸರಗೋಡಿನ ಕಡೆಯವರಿಗೆ, ಮತ್ತು ಶಾಲೆಯಲ್ಲಿ ಸ್ವಾತಂತ್ರ್ಯ ಹೋರಾಟದ ಪಾಠ ಓದಿ ಬೇಸತ್ತ ಎಲ್ಲ ಹುಡುಗರಿಗೆ, ನಿರಂಜನರ 'ಚಿರಸ್ಮರಣೆ' (1955). ಕಯ್ಯೂರು ಅಂದು ಮದರಾಸು ಪ್ರಾಂತದ ಒಂದು ಹಳ್ಳಿ. ಅಲ್ಲಿಯ ಗೇಣಿದಾರರು ಜಮೀನುದಾರರ ವಿರುದ್ಧ ಎದ್ದರು. 1941ರ ಮಾರ್ಚಿಯಲ್ಲಿ ಒಬ್ಬ ಪೊಲೀಸಿನವನು ಹೊಳೆಯಲ್ಲಿ ಸತ್ತ. ಮಂಗಳೂರಿನಲ್ಲಿ ವಿಚಾರಣೆ ನಡೆಯಿತು. ಇಲ್ಲಿಯ ಹೈಕೋರ್ಟಿನಲ್ಲಿ ಮೇಲ್ಮನವಿ ಬಿದ್ದುಹೋಯಿತು. 1943ರ ಮಾರ್ಚಿ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಮರಣದಂಡನೆ ಪಡೆದ ಐದನೆಯವನು ಉಳಿದದ್ದು ಅವನಿನ್ನೂ ಪ್ರಾಯಕ್ಕೆ ಬಾರದ ಹುಡುಗನೆಂಬ ಕಾರಣಕ್ಕೆ. ಇದು ಇತಿಹಾಸ. ನಿರಂಜನರು ಬಾಲ್ಯದಲ್ಲಿ ನೀಲೇಶ್ವರದಲ್ಲಿ ಓದಿದವರು, ಆ ನೆಲ ಬಲ್ಲವರು. ಅವರು ಕಥೆಯನ್ನು ಅಪ್ಪು, ಚಿರುಕಂಡ ಎಂಬಿಬ್ಬರು ಶಾಲೆಯ ಹುಡುಗರಿಂದಲೇ ಎತ್ತಿಕೊಳ್ಳುತ್ತಾರೆ. ಪ್ಯಾರಿಸ್ ಕಾರ್ನರಿನ ಕಡೆ ಹೋದಾಗ ಹೈಕೋರ್ಟಿನ ಕೆಂಪು ಕಟ್ಟಡವನ್ನು ಮಕ್ಕಳಿಗೆ ತೋರಿಸಿ ಈ ಸಂಗತಿ ಹೇಳಿದರೆ ಪುಸ್ತಕವನ್ನು ಅವರೇ ಕೇಳಿ ಓದುತ್ತಾರೆ.

ಹೆಣ್ಣುಮಕ್ಕಳಿಗೆ ಪ್ರತ್ಯೇಕ ಪಟ್ಟಿ ಬೇಕೆಂದು ಕೆಲವರು ಕೇಳುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ; ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಹುಡುಗರೇ ಓದಬೇಕಾದ ಪುಸ್ತಕ. ಮದುವೆಯೆಂದರೇನೆಂದು ತಿಳಿಯುವ ಮುನ್ನವೇ ವಿಧವೆಯಾದ ಹುಡುಗಿ ನೂರು ವರ್ಷ ದಾಟಿ ಬದುಕಿದ ಕಥೆ. ಲೇಖಕಿಯ ಬಂಧುವರ್ಗದಲ್ಲಿ ನಿಜವಾಗಿ ಬಾಳಿದ ಹೆಂಗಸು ಅವರು. ಕಥೆಯ ಕೊನೆಯ ಕಡೆ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದೆ ನಿಲ್ಲುತ್ತಾಳೆ. ಆಗ ಫಣಿಯಮ್ಮ ಯಾರ ಪಕ್ಷ ವಹಿಸಿದರೆಂಬುದನ್ನು ಓದಿಯೇ ತಿಳಿಯಬೇಕು. ತ್ರಿವೇಣಿಯವರ ಕಾದಂಬರಿಗಳ ಹೆಸರು ತಾಯಂದಿರಿಗೆ ನಾವು ಹೇಳಬೇಕಾಗಿಲ್ಲ. ಭಾಷೆ ತಿಳಿಯಾಗಿರುವುದರಿಂದ ಅವೂ ಬೇಗ ಓದಿಸಿಕೊಳ್ಳುತ್ತವೆ. ಹದಿನಾರು ದಾಟಿದವರಿಗೆ, ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ತಲಾಖಿನ ಕಟ್ಟಳೆಗೆ ಸಿಕ್ಕಿದ ನಾದಿರಾಳ ಕಥೆ. 2023ರಲ್ಲಿ ತೀರಿಕೊಂಡ ಈ ಲೇಖಕಿ ನಿಷ್ಠುರವಾಗಿ ಬರೆದವರು. ಹಾಗೆ ಬರೆದದ್ದರಿಂದಲೇ ನಂಬಿಕೆ ಹುಟ್ಟುತ್ತದೆ.

ಈ ಊರಿನ ಮಕ್ಕಳು ಇನ್ನೊಂದು ಪ್ರಶ್ನೆ ಕೇಳುತ್ತಾರೆ. 1950ರಲ್ಲಿ 'ಕಲ್ಕಿ' ವಾರಪತ್ರಿಕೆಯಲ್ಲಿ ಆರಂಭವಾದ 'ಪೊನ್ನಿಯಿನ್ ಸೆಲ್ವನ್' ಅನ್ನು ತಮಿಳು ಗೆಳೆಯರು ಇಂದಿಗೂ ಮುಗಿಬಿದ್ದು ಓದುತ್ತಾರೆ. 2022 ಮತ್ತು 2023ರಲ್ಲಿ ಸಿನಿಮಾ ಬಂದ ಮೇಲಂತೂ ಕೇಳುವುದೇ ಬೇಡ. "ನಮ್ಮಲ್ಲಿ ಅಂಥದ್ದು ಇಲ್ಲವೇ?" ಇದೆ. ತ.ರಾ.ಸು. ಅವರ 'ದುರ್ಗಾಸ್ತಮಾನ' (1982). 1779ರಲ್ಲಿ ಹೈದರಾಲಿಯ ಕೈಗೆ ಚಿತ್ರದುರ್ಗ ಬಿದ್ದ ಕಥೆ, ಮದಕರಿನಾಯಕನ ಕಥೆ. ಲೇಖಕರು ತೀರಿಕೊಂಡ ಮರುವರ್ಷ, 1985ರಲ್ಲಿ, ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಆದರೆ ದಪ್ಪ ಪುಸ್ತಕ, ಒತ್ತಕ್ಷರಗಳ ಸಂತೆ. ಓದಿನ ಅಭ್ಯಾಸವಾದವರಿಗೆ ಮಾತ್ರ. ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956) ಬೇರೆ ಬಗೆಯದು. 1834ರಲ್ಲಿ ರಾಜ್ಯ ಕಳೆದುಕೊಂಡ ಕೊಡಗಿನ ಕೊನೆಯ ಅರಸನನ್ನು ಅದು ವೀರನನ್ನಾಗಿ ಮಾಡುವುದಿಲ್ಲ. ತನ್ನ ಕೆಡುಕಿನಿಂದ ತಾನೇ ಕೆಟ್ಟ ಮನುಷ್ಯನನ್ನಾಗಿ ತೋರಿಸುತ್ತದೆ. ಕತ್ತಿವರಸೆ ಬಯಸಿದವರು ನಿರಾಶರಾದಾರು. ಮನೆಮಾತು ತಮಿಳಾಗಿದ್ದ, ಮದರಾಸು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ಮಾಸ್ತಿಯವರು ಕನ್ನಡದಲ್ಲಿ ಬರೆದು 1983ರ ಜ್ಞಾನಪೀಠ ಪಡೆದರೆಂಬುದನ್ನು ಎರಡು ಭಾಷೆಗಳ ನಡುವೆ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅಗತ್ಯವಾಗಿ ಹೇಳಬೇಕು.

ಕನ್ನಡ ಅಕ್ಷರವೇ ಬಾರದವರು ಏನು ಮಾಡಬೇಕು? ಆರ್.ಕೆ. ನಾರಾಯಣರು ಹುಟ್ಟಿ ಬೆಳೆದದ್ದು ನಮಗೆ ಕೂಗಳತೆಯ ಪುರಸವಾಕ್ಕಂನಲ್ಲಿ, ಅಜ್ಜಿಯ ಮನೆಯಲ್ಲಿ. ಬರಹಗಾರರಾಗಿ ಬಾಳಿದ್ದು ಮೈಸೂರಿನಲ್ಲಿ. 1935ರ 'ಸ್ವಾಮಿ ಅಂಡ್ ಫ್ರೆಂಡ್ಸ್' ಅನ್ನು ಅವರು ಇಂಗ್ಲಿಷಿನಲ್ಲಿಯೇ ಓದಲಿ. ನಾಳೆ ಅಕ್ಷರ ಕಲಿಯುವ ಆಸೆ ಅದರಿಂದಲೂ ಹುಟ್ಟಬಹುದು. ಸಿನಿಮಾ ಮೊದಲು ನೋಡಿ ಪುಸ್ತಕ ಆಮೇಲೆ ಓದಿದರೂ ದೋಷವಿಲ್ಲ. 'ಚೋಮನ ದುಡಿ' 1975ರಲ್ಲಿ, 'ಫಣಿಯಮ್ಮ' 1983ರಲ್ಲಿ, 'ಬೆಟ್ಟದ ಜೀವ' 2011ರಲ್ಲಿ ಚಿತ್ರಗಳಾಗಿವೆ. ಕಥೆ ಮೊದಲೇ ಗೊತ್ತಿದ್ದರೆ ಅಕ್ಷರದ ತೊಡಕು ಅರ್ಧ ಕಡಿಮೆಯಾಗುತ್ತದೆ.

ಇನ್ನೂ ಚಿಕ್ಕವರಿಗೆ, ಹನ್ನೆರಡರ ಆಸುಪಾಸಿನವರಿಗೆ, ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಇದೆ; 2011ರಲ್ಲಿ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದದ್ದು. ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' ಅದೇ ಪುರಸ್ಕಾರವನ್ನು 2022ರಲ್ಲಿ ಪಡೆಯಿತು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು ಪಟ್ಟಿಯಲ್ಲಿ ಕಾಣದೆ ಕೆಲವರು ಮುನಿಸಿಕೊಂಡಾರು. ಅದು ಹದಿನೆಂಟಕ್ಕೆ ಇರಲಿ. ಹದಿಮೂರಕ್ಕೆ ಕೊಟ್ಟು ಜನ್ಮಕ್ಕೆಲ್ಲ ಹೆದರಿಸುವುದು ಬೇಡ.

ನಮ್ಮ ಕಪಾಟಿನಲ್ಲಿ ಇಲ್ಲದ್ದನ್ನು ಎಗ್ಮೋರಿನ ಕನ್ನೆಮರಾ ಗ್ರಂಥಾಲಯದಲ್ಲಿ ಕೇಳಿ ನೋಡಬಹುದು. 1896ರಲ್ಲಿ ತೆರೆದ ಗ್ರಂಥಾಲಯ. 1954ರ ಕಾಯ್ದೆಯ ಪ್ರಕಾರ ಭಾರತದಲ್ಲಿ ಅಚ್ಚಾಗುವ ಪ್ರತಿಯೊಂದು ಪುಸ್ತಕದ ಒಂದು ಪ್ರತಿ ಅಲ್ಲಿಗೆ ಹೋಗಬೇಕು, ಕನ್ನಡದ್ದೂ ಸೇರಿ. ಅಣ್ಣಾ ನಗರ ಟವರ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿದರೆ ನೇರವಾಗಿ ಎಗ್ಮೋರಿನಲ್ಲಿ ಇಳಿಯಬಹುದು. ರಜೆಯ ದಿನ ಮಕ್ಕಳನ್ನೂ ಕರೆದುಕೊಂಡು ಹೋಗಿ, ಪುಸ್ತಕವನ್ನು ಅವರೇ ಆರಿಸಲಿ.

'ಕರ್ವಾಲೋ'ದ ನಮ್ಮ ಎರಡು ಪ್ರತಿಗಳೂ ಸದ್ಯಕ್ಕೆ ಹೊರಗೆ ಹೋಗಿವೆ. ಇಟ್ಟುಕೊಂಡಿರುವ ಸದಸ್ಯರು ಓದಿ ಮುಗಿಸಿದ್ದರೆ ದಯಮಾಡಿ ಬೇಗ ಹಿಂದಿರುಗಿಸಬೇಕು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎರಡು ವಾರದಿಂದ ಬಂದು ಕೇಳಿ ಹೋಗುತ್ತಿದ್ದಾನೆ.